ಎಡಗೆನ್ನೆಯ ಗುಳಿ

ಜನವರಿ ೯

ಅಕ್ಕನವರಿಗೆ ನಮಸ್ಕಾರಗಳು,

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಿಮ್ಮ ವಿಳಾಸ ಕೊಟ್ಟವರು ಶಾಲೆಯ ಕಚೇರಿಯವರು. ಯುದ್ಧದ ಕಾಲದಲ್ಲಿ ವಿಮಾನದ ಜೊತೆಗೇ ಕಡಲ ಪಾಲಾದ ನಿಮ್ಮ ತಮ್ಮನವರ ಮುಖವನ್ನು, ಅವರು ಓದಿದ ಶಾಲೆಯ ಮುಂಬಾಗಿಲ ಪಕ್ಕದಲ್ಲಿ ಕಲ್ಲಿನಲ್ಲಿ ಕೆತ್ತಿಸುತ್ತಾರೆಂದು ಮೊನ್ನೆ ಪೇಪರಿನಲ್ಲಿ ಓದಿದೆ. ಸುದ್ದಿಯ ಪಕ್ಕ ಅವರ ಫೋಟೋ ಇತ್ತು. ನಿಂತು ಓದುತ್ತಿದ್ದವಳು ಕುರ್ಚಿ ಎಳೆದುಕೊಂಡು ಕೂತೆ.

ಆಗ ನಾನು ವಿಮಾನ ನೆಲೆಯ ಪಕ್ಕದ ಊರಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿಯಾಗಿದ್ದೆ. ನಿಮ್ಮ ತಮ್ಮ ಹಲ್ಲುನೋವೆಂದು ಬಂದಿದ್ದರು. "ನೆಲದ ಮೇಲೆ ಏನೂ ಇಲ್ಲ ಡಾಕ್ಟ್ರೇ, ಮೇಲಕ್ಕೆ ಹೋದ್ರೆ ಮಾತ್ರ ಜೀವ ಹೋಗುತ್ತೆ" ಎಂದರು. ಡಾಕ್ಟರು, "ಹಾಗಾದ್ರೆ ಮೇಲೆ ಹೋಗ್ಬೇಡಿ" ಎಂದು ನಕ್ಕರು. ಆ ಹಲ್ಲಿನ ನೆಪದಲ್ಲಿ ಅವರು ಆಮೇಲೂ ಹಲವು ಸಲ ಬಂದರು, ಪರಿಚಯವಾಯಿತು. ಸದ್ಯಕ್ಕೆ ಇಷ್ಟು ಹೇಳಿದರೆ ಸಾಕೆಂದುಕೊಳ್ಳುತ್ತೇನೆ.

ಬರೆದ ಕಾರಣ ಚಿಕ್ಕದು. ಪೇಪರಿನವರು ಫೋಟೋವನ್ನು ತಿರುವುಮುರುವಾಗಿ ಅಚ್ಚು ಹಾಕಿದ್ದಾರೆ. ನಕ್ಕರೆ ಅವರ ಒಂದೇ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತಲ್ಲ, ಅದು ಎಡಗೆನ್ನೆ. ಪೇಪರಿನಲ್ಲಿ ಬಲಕ್ಕೆ ಹೋಗಿದೆ. ಶಿಲ್ಪಿ ಅದನ್ನೇ ನೋಡಿಕೊಂಡು ಕೆತ್ತಿದರೆ ಕಷ್ಟ, ಕಲ್ಲನ್ನು ಅಳಿಸಿ ಬರೆಯಲಾಗುವುದಿಲ್ಲ. ಮೂಲ ಫೋಟೋ ನಿಮ್ಮ ಬಳಿ ಇರಬೇಕು. ದಯವಿಟ್ಟು ಅದನ್ನು ಅವರಿಗೆ ತೋರಿಸಿ.

ಇನ್ನೊಂದು ಕೇಳಬಹುದೇ? ನನ್ನ ಬಳಿ ಅವರ ಒಂದು ಫೋಟೋವೂ ಇಲ್ಲ. ಜೊತೆಯಲ್ಲಿ ತೆಗೆಸಿಕೊಳ್ಳುವ ಧೈರ್ಯ ನನಗೆ ಆಗ ಇರಲಿಲ್ಲ. ಮೂಲದ್ದೊಂದು ಪ್ರತಿ ಮಾಡಿಸಿ ಕಳಿಸಿದರೆ ದೊಡ್ಡ ಉಪಕಾರ.

ಉತ್ತರದ ದಾರಿ ನೋಡುವ,
ಹಲ್ಲಿನ ಡಾಕ್ಟರ ಬಳಿ ಇದ್ದವಳು


ಜನವರಿ ೨೦

ಮಾನ್ಯರೇ,

ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದವನು ಒಬ್ಬನೇ. ಅವನು ಹೋದ ಮೇಲೆ ಆ ಜಾಗ ಖಾಲಿ ಬಿದ್ದಿದೆ ನಿಜ, ಆದರೆ ನಾನು ಅರ್ಜಿ ಕರೆದಿಲ್ಲ.

ಪೇಪರಿನವರದು ಏನೂ ತಪ್ಪಿಲ್ಲ. ಅವರಿಗೂ ಶಿಲ್ಪಿಗೂ ಫೋಟೋ ಕೊಟ್ಟವಳು ನಾನೇ. ನನ್ನದು ಹೊಲಿಗೆ ಅಂಗಡಿ. ಮಿಷನ್ನಿನ ಎದುರಿನ ಗೋಡೆಗೆ ಆ ಫೋಟೋ ತೂಗುಹಾಕಿದ್ದೇನೆ, ಅವನದೆಂದು ಇರುವುದು ಅದೊಂದೇ. ತಂತಿ ಬಂದ ವಾರವೇ ಸ್ಟುಡಿಯೋಗೆ ಹೋಗಿ, ಕತ್ತಿನ ಕೆಳಗಿನದನ್ನೆಲ್ಲ ಬಿಟ್ಟು ಮುಖ ಒಂದನ್ನೇ ದೊಡ್ಡದು ಮಾಡಿಸಿದೆ. ಅಂದಿನಿಂದ ಸೂಜಿಗೆ ದಾರ ಪೋಣಿಸಿ ತಲೆ ಎತ್ತಿದರೆ ಅವನು, ಗಿರಾಕಿಯ ಜೊತೆ ಜಗಳಾಡಿ ಈ ಕಡೆ ತಿರುಗಿದರೆ ಅವನು. ನನಗೆ ಕನ್ನಡಕ ಬಂತು, ಕೂದಲು ಬೆಳ್ಳಗಾಯಿತು, ಅವನು ಹಾಗೇ ನಗುತ್ತಿದ್ದಾನೆ. ಬಲಗೆನ್ನೆಯಲ್ಲಿ ಗುಳಿ ಬಿದ್ದಿದೆ. ಅದನ್ನು ಅಳಿಸಿ ಎಡಕ್ಕೆ ಹಾಕಲು ನನಗೆ ಬರುವುದಿಲ್ಲ.

ಅವನು ಹುಟ್ಟಿದ ಮೇಲೆ ಅಮ್ಮ ಕೆಲವು ವರ್ಷ ಹಾಸಿಗೆ ಹಿಡಿದಳು. ನಾನಿನ್ನೂ ಜಡೆ ಹಾಕಿಕೊಳ್ಳಲು ಬಾರದ ಹುಡುಗಿ, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದೆ. ಆಮೇಲೆ ನನಗೆ ಬೇರೆ ಸಂಸಾರವೂ ಆಗಲಿಲ್ಲ, ಬೇಕೆನ್ನಿಸಲೂ ಇಲ್ಲ. ಅಂಥವಳಿಗೆ ಅವನ ಗುಳಿ ಯಾವ ಕೆನ್ನೆಯಲ್ಲಿತ್ತೆಂದು ಹೇಳಿಕೊಡಲು ಹಲ್ಲಿನ ಡಾಕ್ಟರ ಸಹಾಯಕಿ ಬರಬೇಕಾಯಿತು, ನೋಡಿ. ನೀವು ಅವನ ಎದುರು ನಿಂತಿದ್ದಿರಿ. ನಿಮ್ಮ ಎಡ ಅವನಿಗೆ ಬಲ. ಇಷ್ಟು ಸಣ್ಣ ಲೆಕ್ಕ ತಪ್ಪಿದ್ದೀರಿ.

ಇನ್ನೊಂದು ಮಾತು. ಪತ್ರದ ತುಂಬ ಅವರು, ಇವರು ಎಂದಿದ್ದೀರಿ. ನಮ್ಮ ಮನೆಯಲ್ಲಿ ಅವನಿಗೆ ಬಹುವಚನ ಹಚ್ಚಿದವರಿಲ್ಲ. ಮನೆಯಲ್ಲಿ ಅವನು ಗಿರಗಿಟ್ಲೆ. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ, ಅದಕ್ಕೆ. ಅವನನ್ನು ಅವರು ಎನ್ನುವವರು ದೂರದವರು. ಅಷ್ಟು ದೂರದಿಂದ ಕೆನ್ನೆಯ ಗುಳಿ ಕಾಣಿಸಿತೆಂದರೆ ನಿಮ್ಮ ಕಣ್ಣು ಬಲು ಚುರುಕು.

ಫೋಟೋ ಪ್ರತಿ ಮಾಡಿಸಿ ಹಂಚುವ ಅಭ್ಯಾಸ ನನಗಿಲ್ಲ.

ಇದಕ್ಕಿಂತ ಹೆಚ್ಚೇನೂ ಹೇಳಲಾರದ,
ಗಿರಗಿಟ್ಲೆಯ ಒಬ್ಬಳೇ ಅಕ್ಕ


ಫೆಬ್ರವರಿ ೩

ನಮಸ್ಕಾರಗಳು,

ಅಕ್ಕ ಎಂದು ಕರೆದದ್ದಕ್ಕೆ ಕ್ಷಮಿಸಿ. ನಿಮ್ಮನ್ನು ಬೇರೆ ಹೆಸರಿನಿಂದ ನಾನು ಕೇಳಿಯೇ ಇಲ್ಲ. ಅವರ ಬಾಯಲ್ಲಿ ಬರುತ್ತಿದ್ದದ್ದು ಅದೊಂದೇ.

ಎಡ ಬಲದ ಲೆಕ್ಕ ತಪ್ಪುವ ಹಾಗಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ನೀವು ಹೇಳಿದ ತಪ್ಪನ್ನೇ ಮಾಡಿದೆ, ಎಡದ ಹಲ್ಲಿಗೆ ಬಲವೆಂದು ಚೀಟಿ ಬರೆದೆ. ಡಾಕ್ಟರು ಎಲ್ಲರೆದುರು ಗದರಿದರು: "ಕುರ್ಚಿಯಲ್ಲಿ ಕೂತವರ ಎಡವೇ ಎಡ. ನಿನ್ನ ಎಡವನ್ನ ಮನೇಲಿಟ್ಟು ಬಾ." ಅಂದಿನಿಂದ ಬೀದಿಯಲ್ಲಿ ಎದುರು ಬರುವವರನ್ನೂ ನಾನು ಅವರ ಎಡ ಬಲದಿಂದಲೇ ನೋಡುತ್ತೇನೆ. ನಮ್ಮ ಯಜಮಾನರಿಗೆ ಈಗಲೂ ಇದೊಂದು ತಮಾಷೆ.

ಅವರಿಗೆ ನೋವಿದ್ದದ್ದು ಎಡಗಡೆಯ ಮೇಲ್ದವಡೆಯಲ್ಲಿ. ಕೆನ್ನೆಯನ್ನು ಸ್ವಲ್ಪ ಎಳೆದು ಹಿಡಿಯುವುದು ನನ್ನ ಕೆಲಸ. ಬಾಯಿ ತೆರೆಯಿರಿ ಎಂದರೆ ಅವರಿಗೆ ನಗು. ನಕ್ಕರೆ ನನ್ನ ಹೆಬ್ಬೆರಳು ಸೀದಾ ಗುಳಿಯೊಳಗೆ ಹೋಗುತ್ತಿತ್ತು. "ಇಲ್ಲಿ ಆಪರೇಷನ್ ನಡೀತಿದೆಯೋ ನಾಟಕ ನಡೀತಿದೆಯೋ?" ಎಂದು ಡಾಕ್ಟರು ಸಿಡುಕುತ್ತಿದ್ದರು. ಹಲ್ಲು ಗುಣವಾದ ಮೇಲೂ ಬರುತ್ತಲೇ ಇದ್ದ. ಇನ್ಯಾವ ಹಲ್ಲು ಬಾಕಿ ಇದೆಯಪ್ಪ ಎಂದು ಕೇಳಿದರೆ, "ಬುದ್ಧಿ ಹಲ್ಲು ಬಂದಿಲ್ಲ ಡಾಕ್ಟ್ರೇ, ಅದು ಬರೋವರೆಗೂ ಬರ್ತೀನಿ" ಎನ್ನುತ್ತಿದ್ದ.

ಕೊನೆಯ ರಜೆ ಪೂರ್ತಿ ನಮ್ಮ ಊರಿನಲ್ಲೇ ಇದ್ದನಲ್ಲ, ಆಗ ಒಂದೇ ಸಮನೆ ಮಳೆ. ಹೋಗಲು ಬೇರೆ ಜಾಗವಿಲ್ಲದೆ ಬಸ್ ನಿಲ್ದಾಣದ ಸೂರಿನ ಕೆಳಗೆ ಬೆಂಚಿನ ಮೇಲೆ ಕೂತಿರುತ್ತಿದ್ದೆವು. ಅವನು ನನ್ನ ಬಲಕ್ಕೆ ಕೂರುತ್ತಿದ್ದ. ನನ್ನ ಕಡೆಗಿದ್ದದ್ದು ಅವನ ಎಡಗೆನ್ನೆ. ಆ ರಜೆಯ ನಾಲ್ಕೂ ದಿನ ನಾನು ನೋಡಿದ್ದು ಅದೊಂದನ್ನೇ. ನನ್ನ ಮಾತು ನಂಬಿ, ಶಿಲ್ಪಿಗೆ ಒಂದು ಮಾತು ಹೇಳಿ.

ನಿಮ್ಮ ನೋವು ಗೊತ್ತಿರುವ,
ಹಲ್ಲಿನ ಡಾಕ್ಟರ ಬಳಿ ಇದ್ದವಳು


ಫೆಬ್ರವರಿ ೧೨

ಮಾನ್ಯರೇ,

ಎರಡನೆಯ ಹಾಳೆಯ ನಡುವೆ ಎಲ್ಲೋ ಅವರು ಹೋಗಿ ಅವನು ಬಂದ. ನಿಮ್ಮ ಗಮನಕ್ಕೆ ಬಂದಿಲ್ಲ, ನನ್ನ ಗಮನಕ್ಕೆ ಬಂತು. ಹೊಲಿಗೆ ಎಲ್ಲಿ ಜಾರಿತೆಂದು ಹುಡುಕುವುದೇ ನನ್ನ ಕಸುಬು. ಯಾವತ್ತಿನಿಂದ ಈ ಏಕವಚನ? ಬುದ್ಧಿ ಹಲ್ಲಿನ ದಿನದಿಂದಲೋ, ಬೆಂಚಿನ ದಿನದಿಂದಲೋ?

ಕೊನೆಯ ರಜೆ ಎಂದಿರಿ. ನಮ್ಮ ಮನೆಯಲ್ಲಿ ಅಂಥ ರಜೆಯೇ ಇರಲಿಲ್ಲ. "ರಜೆ ರದ್ದಾಯ್ತು ಅಕ್ಕ, ಬೇಜಾರು ಮಾಡ್ಕೋಬೇಡ, ಮುಂದಿನ ಸಲ ಖಂಡಿತ" ಎಂದು ಒಂದು ಕಾರ್ಡು ಬಂತು, ಅಷ್ಟೇ. ಅದು ಬರುವ ಹೊತ್ತಿಗೆ ಅಮ್ಮ ಅವನ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಬಡಿದು ಸಿದ್ಧ ಮಾಡಿದ್ದಳು. ನಾನು ಒಂದು ಕೋಟು ಹೊಲಿಯುತ್ತಿದ್ದೆ. ಮೈಯೆಲ್ಲ ಮುಗಿಸಿ, ತೋಳು ಮಾತ್ರ ಅವನು ಬಂದು ನಿಂತ ಮೇಲೆ ಕೂರಿಸೋಣ, ಇಷ್ಟರಲ್ಲಿ ಭುಜ ಅಗಲವಾಗಿರುತ್ತದೆ ಎಂದು ಬಿಟ್ಟಿದ್ದೆ. ಆ ಕೋಟಿಗೆ ಇವತ್ತಿಗೂ ತೋಳಿಲ್ಲ.

ಮಗನಿಗೆ ನಾಲ್ಕು ದಿನ ರಜೆ ಕೊಡಲು ಕೈ ಬಾರದ ಪಾಪಿಗಳು ಎಂದು ಅಮ್ಮ ಸಾಯುವವರೆಗೂ ಅವನ ಮೇಲಧಿಕಾರಿಗಳಿಗೆ ಹಿಡಿಶಾಪ ಹಾಕಿದಳು. ಪಾಪ, ಆ ಅಧಿಕಾರಿಗಳು ಯಾರ ಪಾಲಿನ ಶಾಪ ತಿಂದರೆಂದು ನನಗೆ ಈಗ ಗೊತ್ತಾಯಿತು.

ಇಷ್ಟು ವರ್ಷ ನನಗೆ ಕಡಲಿನ ಮೇಲೆ ಸಿಟ್ಟಿತ್ತು. ಯಾರಾದರೂ ಕಡಲು ಎಷ್ಟು ಚೆಂದ ಎಂದರೆ ಎದ್ದು ಹೋಗುತ್ತಿದ್ದೆ. ಆದರೆ ಕಡಲು ಅವನನ್ನು ಎಳೆದುಕೊಂಡಿತು. ನಿಮ್ಮ ಬಳಿಗೆ ಅವನಾಗಿಯೇ ಬಂದ, ನಮಗೆ ಸುಳ್ಳು ಹೇಳಿ ಬಂದ. ಹೊಟ್ಟೆಯುರಿ ಎಂದರೆ ಏನೆಂದು ನನಗೆ ಈ ವಯಸ್ಸಿನಲ್ಲಿ ತಿಳಿಸಿಕೊಟ್ಟಿದ್ದೀರಿ.

ಶಿಲ್ಪಿಗೆ ಹೇಳಿಯಾಗಿದೆ. ಫೋಟೋದಲ್ಲಿ ಹೇಗಿದೆಯೋ ಹಾಗೇ, ಕೂದಲೆಳೆಯಷ್ಟೂ ಬದಲಿಲ್ಲದೆ. ಯಾರು ಬಂದು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ ಎಂದೂ ಹೇಳಿದ್ದೇನೆ. ಇನ್ನು ನೀವು ಬರೆಯುವುದು ಬೇಡ.

ಗಿರಗಿಟ್ಲೆಯ ಒಬ್ಬಳೇ ಅಕ್ಕ


ಏಪ್ರಿಲ್ ೪

ನಮಸ್ಕಾರಗಳು,

ಬರೆಯಬೇಡಿ ಎಂದಿರಿ. ಬರೆಯದಿರಲು ಬಹಳ ಪ್ರಯತ್ನಪಟ್ಟೆ. ಕೊನೆಗೆ ನಮ್ಮ ಯಜಮಾನರೇ, "ಮನಸ್ಸಲ್ಲಿಟ್ಟುಕೊಂಡು ಪಾತ್ರೆ ಮೇಲೆ ಯಾಕೆ ಸಿಟ್ಟು ತೋರಿಸ್ತೀಯ, ಬರೆದು ಹಾಕು" ಎಂದರು.

ಆ ಕಾರ್ಡಿನ ವಿಷಯ ನನಗೆ ಗೊತ್ತಿರಲಿಲ್ಲ. ದೇವರಾಣೆಗೂ ಗೊತ್ತಿರಲಿಲ್ಲ. "ಮನೇಲಿ ಕಾಯ್ತಿರ್ತಾರಲ್ವಾ?" ಎಂದು ನಾನು ಕೇಳಿದ್ದೆ. "ಅಕ್ಕನೇ ಕಳಿಸಿದ್ಲು. ಹೋಗು, ಹುಡುಗೀನ ನೋಡ್ಕೊಂಡು ಬಾ, ಆಮೇಲೆ ನಾನು ಬಂದು ಮಾತಾಡ್ತೀನಿ ಅಂದ್ಲು" ಎಂದಿದ್ದ. ನಾನು ಆ ಮಾತನ್ನು ಸೆರಗಿಗೆ ಕಟ್ಟಿಕೊಂಡು ಎಷ್ಟು ವರ್ಷ ನಡೆದೆ! ನೀವು ನನ್ನನ್ನು ನೋಡದೆಯೇ ಒಪ್ಪಿದ್ದೀರಿ ಎಂದುಕೊಂಡಿದ್ದೆ. ನಿಮ್ಮ ಮೊದಲ ಪತ್ರ ಓದಿ ತುಂಬ ಅತ್ತೆ, ಏಕೆಂದು ಈಗ ನಿಮಗೆ ಅರ್ಥವಾಗಬಹುದು. ಅವನು ನಮ್ಮಿಬ್ಬರ ಕಿವಿಗೂ ಹೂವಿಟ್ಟ.

ನಿಮಗೆ ನನ್ನ ಮೇಲೆ ಹೊಟ್ಟೆಯುರಿ ಎಂದಿರಿ. ನನಗೆ ನಿಮ್ಮ ಮೇಲೆ ಅದು ನಿಮಗಿಂತ ಮೊದಲೇ ಶುರುವಾಗಿತ್ತು. ಬೆಂಚಿನ ಮೇಲೆ ಕೂತು ಅವನು ಆಡುತ್ತಿದ್ದ ಮಾತೆಲ್ಲ ನಿಮ್ಮದೇ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನೀವು ಹೇಗೆ ಬೈಯುತ್ತೀರೆಂದು ತುಟಿ ಬಿಗಿದು ಅಣಕಿಸಿ ತೋರಿಸುತ್ತಿದ್ದ. ಒಂದು ದಿನ ನಾನು ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು, ಚೆನ್ನಾಗಿದೆ ಎನ್ನುತ್ತಾನೆಂದು ಬಂದು ಕೂತರೆ, ತೋಳಿನ ಕಡೆ ನೋಡಿ, "ಹೊಲಿಗೆ ಸುಕ್ಕು ಬಂದಿದೆ. ಅಕ್ಕ ನೋಡಿದ್ರೆ ಬಿಚ್ಚಿಸ್ತಾಳೆ" ಎಂದ. ಆ ದಿನ ಮನೆಗೆ ಹೋಗಿ ನಿಮ್ಮನ್ನು ಮನಸಾರೆ ಬೈದೆ.

ಅವನು ಹೋದಾಗ ತಂತಿ ನಿಮ್ಮ ಮನೆಗೆ ಬಂತು. ನನಗೆ ಗೊತ್ತಾದದ್ದು ಹೀಗೆ: ಬೇರೊಬ್ಬ ವಿಮಾನದ ಹುಡುಗ ಕುರ್ಚಿಯಲ್ಲಿ ಕೂತಿದ್ದ. ಬಾಯಿ ಮುಕ್ಕಳಿಸಿ ಉಗುಳಿ, "ನಿಮ್ಮ ಬುದ್ಧಿ ಹಲ್ಲಿನವನು ವಾಪಸ್ ಬರ್ಲಿಲ್ಲ ಡಾಕ್ಟ್ರೇ, ಕಡಲಲ್ಲಿ ಹೋದ" ಎಂದ. ನಾನು ಟ್ರೇ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಆ ಹುಡುಗನಿಗೆ ಇನ್ನೂ ಹತ್ತಿ ಕೊಡಬೇಕಿತ್ತು, ಕೊಟ್ಟೆ. ನಾನು ನಿಮ್ಮ ತಮ್ಮನಿಗೆ ಯಾರೂ ಅಲ್ಲ, ಯಾರೆದುರೂ ಅಳುವ ಹಾಗಿರಲಿಲ್ಲ. ನಿಮ್ಮ ಮನೆಯಲ್ಲಿ ಜನ ಸೇರಿರುತ್ತಾರೆ, ಯಾರೋ ನಿಮ್ಮ ಬೆನ್ನು ಸವರುತ್ತಿರುತ್ತಾರೆ ಎಂದು ನೆನೆದು ನನಗೆ ಅದರ ಮೇಲೂ ಹೊಟ್ಟೆಕಿಚ್ಚಾಯಿತು.

ಆಮೇಲೆ ಮದುವೆಯಾಯಿತು. ಯಜಮಾನರು ಬಸ್ಸು ಓಡಿಸುತ್ತಿದ್ದರು, ಒಳ್ಳೆಯವರು. ಮುಚ್ಚಿಡದೆ ಎಲ್ಲ ಹೇಳಿದ್ದೇನೆ. "ಆ ಹುಡುಗನಿಗೆ ವಯಸ್ಸೇ ಆಗಲ್ಲ, ಹೊಟ್ಟೇನೂ ಬರಲ್ಲ. ನಾನು ಅವನ ಜೊತೆ ಹೇಗೆ ಪೈಪೋಟಿ ಮಾಡ್ಲಿ ಹೇಳು" ಎಂದು ಒಮ್ಮೆ ನಕ್ಕರು. ನಕ್ಕರೇ ಹೊರತು ಅದು ಪೂರ್ತಿ ನಗೆಯಾಗಿರಲಿಲ್ಲ.

ಕಲ್ಲು ನಿಮ್ಮದು, ನಿಮಗೆ ಸರಿ ಕಂಡಂತೆ ಮಾಡಿಸಿ. ಅಲ್ಲಿಗೆ ನಾನು ಬರುವುದಿಲ್ಲ. ಫೋಟೋದ ಆಸೆಯನ್ನು ಮಾತ್ರ ಇನ್ನೂ ಬಿಟ್ಟಿಲ್ಲ.

ನೀವು ಒಪ್ಪದಿದ್ದರೂ ನಿಮ್ಮವಳೇ ಎಂದುಕೊಂಡಿದ್ದ,
ಹಲ್ಲಿನ ಡಾಕ್ಟರ ಬಳಿ ಇದ್ದವಳು


ಮೇ ೬

ಶಿಲ್ಪಿಗಳಿಗೆ,

ಕೆನ್ನೆಗೆ ಉಳಿ ತಾಗಿಸಬೇಡಿ. ಎಡದ್ದಕ್ಕೂ ಬೇಡ, ಬಲದ್ದಕ್ಕೂ ಬೇಡ. ಟೋಪಿ, ಹಣೆ, ಮೂಗು ಎಷ್ಟು ಬೇಕಾದರೂ ಕೆತ್ತಿ. ಫೋಟೋದಲ್ಲಿದ್ದ ಹಾಗೇ ಎಂದು ನಿಮ್ಮ ಪ್ರಾಣ ತಿಂದವಳು ನಾನೇ, ಈಗ ಬೇಡ ಎನ್ನುತ್ತಿರುವವಳೂ ನಾನೇ. ಆ ಫೋಟೋವನ್ನು ನಿಮ್ಮ ಗೋಡೆಯಿಂದ ಇಳಿಸಿ, ಮುಖ ಗೋಡೆಯ ಕಡೆಗೆ ಮಾಡಿ ಇಡಿ. ಶಾಲೆಯವರು ತಡವಾಯಿತೆಂದು ಕೂಗಾಡಿದರೆ ನನ್ನ ಅಂಗಡಿಗೆ ಕಳಿಸಿ, ನಾನು ಮಾತಾಡಿಕೊಳ್ಳುತ್ತೇನೆ.

ಹುಡುಗನ ಅಕ್ಕ


ಜೂನ್ ೧

ನಿನ್ನ ಪತ್ರವನ್ನು ಹರಿದು ಹಾಕೋಣವೆಂದು ಕತ್ತರಿ ಪಕ್ಕದಲ್ಲಿ ಇಟ್ಟುಕೊಂಡೇ ಓದಿದೆ. ಗುಂಡುಸೂಜಿಯ ಹತ್ತಿರ ಬಂದಾಗ ಕತ್ತರಿ ಆಚೆ ಸರಿಸಿದೆ. ಆ ಕಳ್ಳ ನನ್ನನ್ನು ಅಣಕಿಸುತ್ತಾನೆಂದು ನನಗೆ ಗೊತ್ತಿತ್ತು, ಹೊರಗಿನವರಿಗೂ ತೋರಿಸುತ್ತಾನೆಂದು ಗೊತ್ತಿರಲಿಲ್ಲ. ಆದರೂ ನಿನಗೆ ಉತ್ತರ ಬರೆಯುವ ಮನಸ್ಸು ಇರಲಿಲ್ಲ. ಬರೆಯುವ ಹಾಗೆ ಮಾಡಿದ್ದು ಬೇರೆಯವರ ಕೂಸು.

ಹೋದ ತಿಂಗಳ ಮೊದಲಲ್ಲಿ ಒಬ್ಬಳು ಬಟ್ಟೆ ಹೊಲಿಸಲು ಬಂದಳು. ಕೂಸು ಸುಮ್ಮನಿರಲಿಲ್ಲ, ಟೇಪು ಎಳೆಯುತ್ತದೆ, ಗುಂಡಿಯ ಡಬ್ಬಕ್ಕೆ ಕೈ ಹಾಕುತ್ತದೆ. "ಕೊಡಮ್ಮ ಇಲ್ಲಿ, ನೀನು ಮೊದಲು ಬಟ್ಟೆ ಆರಿಸ್ಕೋ" ಎಂದು ಎತ್ತಿಕೊಂಡೆ. ನನಗೆ ಮಗು ಎತ್ತಲು ಬರುವುದು ಎಡಸೊಂಟಕ್ಕೆ ಮಾತ್ರ, ಬಲಗೈ ಕೆಲಸಕ್ಕೆ ಬೇಕಲ್ಲ. ಅದು ನನ್ನ ಕನ್ನಡಕ ನೋಡಿ ಕಿಸಕ್ಕೆಂದಿತು. ನನ್ನ ಬಲಗೈಯ ತೋರುಬೆರಳು ನನ್ನನ್ನು ಒಂದು ಮಾತೂ ಕೇಳದೆ ಹೋಗಿ ಅದರ ಕೆನ್ನೆಯನ್ನು ಒತ್ತಿತು. ಗಿರಗಿಟ್ಲೆಗೆ ದಿನವಿಡೀ ಹಾಗೆ ಮಾಡುತ್ತಿದ್ದೆ. ಒತ್ತಿದರೆ ನಗುತ್ತಿದ್ದ, ನಕ್ಕರೆ ಬೆರಳಿನ ತುದಿ ಗುಳಿಯಲ್ಲಿ ಕೂರುತ್ತಿತ್ತು.

ಬೆರಳು ಎಲ್ಲಿದೆ ಎಂದು ನೋಡಿದೆ. ಕೂಸಿನ ಎಡಗೆನ್ನೆಯ ಮೇಲೆ. ಬಲಗೆನ್ನೆ ಆ ಕಡೆ ನನ್ನ ಭುಜದ ಹಿಂದಕ್ಕೆ ತಿರುಗಿತ್ತು. ಅಲ್ಲಿಗೆ ಬೆರಳು ಹೋಗಲು ದಾರಿಯೇ ಇಲ್ಲ. ಮತ್ತೆ ಮತ್ತೆ ನೋಡಿದೆ, ಕೂಸನ್ನು ಬಲಸೊಂಟಕ್ಕೆ ಹಾಕಿಕೊಂಡು ನೋಡಿದೆ, ಎರಡು ಹೆಜ್ಜೆಗೆ ಜಾರಿತು. ಕೂಸನ್ನು ಅವಳ ಕೈಗಿತ್ತು ಅಂಗಡಿ ಬಾಗಿಲು ಎಳೆದೆ. "ಅಳತೇನೇ ತಗೊಂಡಿಲ್ವಲ್ಲ" ಎಂದು ಅವಳು ಬೀದಿಯಲ್ಲಿ ನಿಂತು ಕೂಗುತ್ತಲೇ ಇದ್ದಳು.

ಸ್ಟುಡಿಯೋ ಈಗ ಹಳೆಯ ಮಾಲೀಕನ ಮಗನ ಕೈಯಲ್ಲಿದೆ. ಗೋಡೆಯಿಂದ ಇಳಿಸಿ ತಂದ ಫೋಟೋವನ್ನು ಅವನ ಮುಂದಿಟ್ಟೆ. "ದೊಡ್ಡದು ಮಾಡುವಾಗ ನೆಗೆಟಿವ್ ಮಗುಚಿ ಹಾಕಿದ್ರೆ ಹೀಗಾಗುತ್ತೆ. ಅಪ್ಪ ಆಗಾಗ ಮಾಡೋರು" ಎಂದ, ಚಿಲ್ಲರೆ ಇಲ್ಲ ಎನ್ನುವ ದನಿಯಲ್ಲಿ. ಕೋಟು ಕಾಣುವಂತೆ ಬಿಟ್ಟಿದ್ದರೆ ಗುಂಡಿಗಳು ಹೆಂಗಸರ ಬಟ್ಟೆಯ ಕಡೆಗೆ ಬಂದಿದ್ದು ನನಗೆ ಅದೇ ದಿನ ಕಾಣುತ್ತಿತ್ತು, ಸ್ಟುಡಿಯೋದಲ್ಲೇ ರಾದ್ಧಾಂತ ಮಾಡುತ್ತಿದ್ದೆ. ಬಟ್ಟೆ ಬೇಡ, ಮುಖ ಒಂದೇ ಸಾಕು ಎಂದಿದ್ದೆನಲ್ಲ.

ಆ ಹುಡುಗ ಫೋಟೋವನ್ನು ಕನ್ನಡಿಯ ಎದುರು ಹಿಡಿದು, "ಈಗ ನೋಡಿ, ಇದು ಸರಿಯಾದ ಮುಖ" ಎಂದ. ಅಳು ಉಕ್ಕಿ ಬರುತ್ತದೆ, ಇಷ್ಟು ವರ್ಷದ ಮೇಲೆ ಅವನನ್ನು ನೋಡುತ್ತೇನೆ ಎಂದುಕೊಂಡು ಕಣ್ಣೆತ್ತಿದೆ. ಕನ್ನಡಿಯಲ್ಲಿ ಯಾರೋ ಒಬ್ಬ ಇದ್ದ. ಒಂದು ಹುಬ್ಬು ಸೊಟ್ಟ, ನಗುವೂ ಆ ನಗುವಲ್ಲ. ಬೀದಿಯಲ್ಲಿ ಎದುರಾಗಿದ್ದರೆ ದಾರಿ ಬಿಟ್ಟು ಮುಂದೆ ಹೋಗುತ್ತಿದ್ದೆ. ಬೆರಳು ಹೌದು ಎನ್ನುತ್ತದೆ, ಕಣ್ಣು ಅಲ್ಲ ಎನ್ನುತ್ತದೆ. ಯಾರ ಮಾತು ಕೇಳಲಿ?

ನಾನು ದಿನಾ ನೋಡಿ ನೋಡಿಯೇ ಅವನನ್ನು ಕಳೆದುಕೊಂಡೆ. ನೀನು ನೋಡಲು ಏನೂ ಇಲ್ಲದೆ ಉಳಿಸಿಕೊಂಡೆ. ಪೇಪರಿನ ಮೂಲೆಯ ಅಷ್ಟು ಸಣ್ಣ ಚಿತ್ರ ನೋಡಿದ ಕೂಡಲೇ ತಪ್ಪು ಹಿಡಿದೆಯಲ್ಲೇ! ರಜೆ ಹೋದರೆ ಹೋಗಲಿ, ಬೆಂಚು, ಮಳೆ ಎಲ್ಲ ನಿನಗೇ ಇರಲಿ. ಅವುಗಳ ಮೇಲಿನ ಹೊಟ್ಟೆಕಿಚ್ಚು ಹೇಗೋ ಆರಿತು. ಇದು ಮಾತ್ರ ಆರುತ್ತಿಲ್ಲ. ಅವನ ಮುಖ ನಿನ್ನ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ.

ಸ್ಟುಡಿಯೋದವನು ಈಗ ಸರಿಯಾದ ಪ್ರತಿ ಮಾಡಿ ಕೊಟ್ಟಿದ್ದಾನೆ. ನಿನಗೆ ಕಳಿಸುವುದಿಲ್ಲ. ಹಟಕ್ಕೆಂದು ತಿಳಿಯಬೇಡ. ಸ್ವಲ್ಪ ಹಟವೂ ಇದೆ, ಸುಳ್ಳೇಕೆ ಹೇಳಲಿ. ಆದರೆ ಫೋಟೋ ಮನೆಗೆ ಬಂದರೆ ನೀನೂ ಅದನ್ನು ಗೋಡೆಗೆ ಹಾಕುತ್ತೀಯ, ನೀನೂ ದಿನಾ ನೋಡುತ್ತೀಯ. ಆಮೇಲೆ ನಿನಗೂ ಆ ಕಾಗದವೇ ಉಳಿಯುವುದು. ಪೇಪರಿನ ತುಂಡನ್ನು ಎಲ್ಲಾದರೂ ಎತ್ತಿಟ್ಟಿದ್ದರೆ ಅದನ್ನೂ ಒಲೆಗೆ ಹಾಕು.

ಹೊಸ ಪ್ರತಿ ನೋಡಿ ಶಿಲ್ಪಿ ಎಡಗೆನ್ನೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಕಾಯುತ್ತಿದ್ದಾನೆ. "ಸ್ವಲ್ಪ ನೋಡಿ ಹೇಳಿ ಅಮ್ಮ, ನಿಮ್ಮ ತಮ್ಮ ಇವ್ರೇ ಹೌದಾ?" ಎಂದು ನಾನು ಹೋದಾಗಲೆಲ್ಲ ಕೇಳುತ್ತಾನೆ. ಏನು ಹೇಳಬೇಕೋ ತಿಳಿಯದೆ ವಾಪಸ್ ಬರುತ್ತೇನೆ. ಆ ಕಡಲು ಅವನ ಹೆಣವನ್ನಾದರೂ ದಡಕ್ಕೆ ತಂದು ಹಾಕಿದ್ದರೆ, ಗುರುತು ಹಿಡಿಯಲು ಮನೆಯವರಿಗೇ ಹೇಳಿ ಕಳಿಸುತ್ತಿದ್ದರು. ನಾನು ಹೋಗಿ ಒಂದೇ ನೋಟಕ್ಕೆ ಹೇಳುತ್ತಿದ್ದೆ. ಈಗ ಕರೆಯುತ್ತಿದ್ದಾರೆ, ಈಗ ನನ್ನಿಂದ ಆಗುವುದಿಲ್ಲ.

ನೀನು ಬಾ. ನಿನ್ನ ಯಜಮಾನರನ್ನೂ ಕರೆದುಕೊಂಡು ಬಾ, ಇಲ್ಲೇ ಉಳಿದುಕೊಳ್ಳಿ. ಬಂದು ಆ ಕಲ್ಲಿನ ಎದುರು ನಿಲ್ಲು, ನಿಂತು ನನ್ನ ತಮ್ಮ ಹೌದೋ ಅಲ್ಲವೋ ಹೇಳು. ಅವನನ್ನು ಗುರುತು ಹಿಡಿಯಲು ನಿನ್ನನ್ನು ಬಿಟ್ಟರೆ ಇನ್ನು ಯಾರೂ ಇಲ್ಲ.

ಬಾಗಿಲು ತೆಗೆದಿಟ್ಟಿರುವ,
ಗಿರಗಿಟ್ಲೆಯ ಅಕ್ಕ